ನೆರಳಿನಲ್ಲಿ ಕಳೆದ ಎಂಟು ವರ್ಷ

ಯಾದವಗಿರಿಯ ಆ ಡಾಕ್ಟರ ಬಂಗಲೆಯ ವರಾಂಡದಲ್ಲಿ ಆ ಬೆಳಿಗ್ಗೆ ಇದ್ದವರು ನಾಲ್ಕೇ ಜನ. ನಾನು, ನನ್ನ ಹೆಂಡತಿ ಗಿರಿಜಾ, ನಮ್ಮ ಸೋದರತ್ತೆ ಗೌರಮ್ಮ, ಮತ್ತೆ ಡಾಕ್ಟರ ಕಾಂಪೌಂಡರು. ಅಲ್ಲಿ ಕೆಲಸವಿದ್ದದ್ದು ನಮಗಿಬ್ಬರಿಗೆ ಮಾತ್ರ. ಗೌರತ್ತೆ ಕರೆಯದೆ ಬಂದಿದ್ದರು. ಒಂಟಿಕೊಪ್ಪಲಿನ ನಮ್ಮ ಮನೆಯಿಂದ ನಾವು ಹೊರಡುವ ಹೊತ್ತಿಗೆ ಅವರು ಆಗಲೇ ಸೀರೆ ಬದಲಾಯಿಸಿ, ಹಣೆಗೆ ವಿಭೂತಿ ಹಚ್ಚಿಕೊಂಡು, ಸ್ಟೀಲ್ ಕ್ಯಾನಿನಲ್ಲಿ ಮಜ್ಜಿಗೆ ತುಂಬಿಕೊಂಡು ಬಾಗಿಲಲ್ಲಿ ನಿಂತಿದ್ದರು. "ಡಾಕ್ಟ್ರು ಏನಾರ ಕೇಳುದ್ರೆ ನಿಮಗೇನು ಗೊತ್ತಾದದು? ಸಾಕ್ದೋಳು ನಾನು" ಎಂದರು.

ಕಾಂಪೌಂಡರು ಒಳಗಿನಿಂದ ಒಂದು ಗಾಜಿನ ಸೀಸೆ ತಂದು ನನ್ನ ಕೈಗಿತ್ತರು. "ಹಿಂದಗಡೆ ಬಚ್ಚಲುಮನೆ ಐತೆ. ಚಿಲಕ ಸರಿಯಾಗಿ ಬೀಳಲ್ಲ, ಬಕೀಟು ಅಡ್ಡ ಇಟ್ಕಳಿ. ಅವಸರ ಏನಿಲ್ಲ" ಎಂದರು, ದನಿ ತಗ್ಗಿಸದೆ.

ಗೌರತ್ತೆ ಸೀಸೆಯನ್ನು ನೋಡಿದರು. "ಅದ್ಯಾಕ್ಲಾ ಇಷ್ಟು ಚಿಕ್ಕದು ಕೊಟ್ಟವ್ರೆ? ಉಚ್ಚೆ ಪರೀಕ್ಷೆಗೆ ಇದು ಸಾಕಾದದಾ?"

ಕಾಂಪೌಂಡರು ಗೋಡೆಯ ಕ್ಯಾಲೆಂಡರನ್ನು ಬಹಳ ಶ್ರದ್ಧೆಯಿಂದ ಓದತೊಡಗಿದರು. ಗಿರಿಜಾ ತಲೆ ತಗ್ಗಿಸಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು; ಅವಳ ಭುಜ ಅಲುಗುತ್ತಿತ್ತು. ಆಮೇಲೆ ಬಹಳ ವರ್ಷ ಈ ವಿಷಯದಲ್ಲಿ ಅವಳು ನಗಲಿಲ್ಲ.

ಅದು ತೊಂಬತ್ತೇಳನೆಯ ಇಸವಿಯ ಬೇಸಿಗೆ. ನಮ್ಮ ಮದುವೆಯಾಗಿ ಆರು ವರ್ಷವಾಗಿತ್ತು. ಆ ಆರು ವರ್ಷದಲ್ಲಿ ಗಿರಿಜಾಳಿಗೆ ಮಾಡಬಹುದಾದ ಪರೀಕ್ಷೆಗಳೆಲ್ಲ ಆಗಿದ್ದವು. ಅವಳಲ್ಲಿ ಏನೂ ದೋಷವಿಲ್ಲ ಎಂದು ಇಬ್ಬರು ಡಾಕ್ಟರು ಬರೆದುಕೊಟ್ಟಿದ್ದರು. ಇಬ್ಬರೂ ಕೊನೆಯ ಸಾಲಿನಲ್ಲಿ ಗಂಡನನ್ನೂ ಪರೀಕ್ಷೆ ಮಾಡಿಸಿ ಎಂದು ಬರೆದಿದ್ದರು. ಆ ಸಾಲನ್ನು ನಾನು ಓದಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಓದಿ ಮಡಚಿ ಇಟ್ಟಿದ್ದೆ.

ಗೌರತ್ತೆಯ ಬಗ್ಗೆ ಎರಡು ಮಾತು ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ನಮ್ಮಪ್ಪನ ಅಕ್ಕ. ನನಗೆ ಒಂದು ವರ್ಷವಾಗಿದ್ದಾಗ ಅಮ್ಮ ತೀರಿಕೊಂಡರು. ಅದೇ ವರ್ಷ ಗಂಡನನ್ನು ಕಳೆದುಕೊಂಡು ನಂಜನಗೂಡಿನ ಕಡೆಯ ಹಳ್ಳಿಯಿಂದ ಬಂದ ಅತ್ತೆ ನನ್ನನ್ನು ಸೊಂಟಕ್ಕೆ ಏರಿಸಿಕೊಂಡವರು ಕೆಳಗಿಳಿಸಲಿಲ್ಲ. ನಾನು ಮಾತು ಕಲಿತದ್ದು ಆ ಸೊಂಟದ ಮೇಲೆ. ಯಾವ ಕಾಳು ಯಾವ ಮಣ್ಣಿಗೆ, ಯಾವ ಸೊಪ್ಪು ಯಾವ ಕಾಯಿಲೆಗೆ, ಯಾರ ಮುಂದೆ ಯಾವ ಮಾತು ಎಂಬುದೆಲ್ಲ ಅವರಿಂದಲೇ ಬಂದದ್ದು. ಅವರು ಹೇಳಿದ್ದು ತಪ್ಪಾಗಬಹುದು ಎಂಬ ಯೋಚನೆಯೇ ನನಗೆ ಮೂವತ್ತೆಂಟು ವರ್ಷ ತುಂಬುವವರೆಗೆ ಬಂದಿರಲಿಲ್ಲ.

ಎರಡು ದಿನ ಬಿಟ್ಟು ರಿಪೋರ್ಟು ಬಂತು. ಡಾಕ್ಟರು ವಯಸ್ಸಾದವರು, ನಿಧಾನಸ್ಥರು. ಅತ್ತೆ ಹೊರಗೆ ಕೂತಿರಲಿ ಎಂದು ಅವರು ಎರಡು ಸಲ ಸೂಚಿಸಿದರು. ಅತ್ತೆ ಎರಡು ಸಲವೂ ಕುರ್ಚಿಯನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡರು.

"ವೀರ್ಯದಲ್ಲಿ ಜೀವಾಣುಗಳು ಕಮ್ಮಿ ಇವೆ. ಇರೋವು ಕೂಡ ಸರಿಯಾಗಿ ಚಲಿಸ್ತಿಲ್ಲ. ನೀವು ಏನು ಕೆಲಸ ಮಾಡೋದು?"

ಮೇಟಗಳ್ಳಿಯ ಕಾರ್ಖಾನೆಯೊಂದರಲ್ಲಿ ಫರ್ನೇಸ್ ವಿಭಾಗ ಎಂದೆ. ಯಂತ್ರದ ಗೇರುಗಳನ್ನು ಕೆಂಡದಂತೆ ಕಾಯಿಸಿ ಎಣ್ಣೆಯಲ್ಲಿ ಅದ್ದುವ ಕೆಲಸ. ಹತ್ತು ವರ್ಷದಿಂದ ಒಲೆಯ ಬಾಯಿಯ ಮುಂದೆ ನಿಂತಿದ್ದೆ.

"ಅದು ಒಳ್ಳೇದಲ್ಲ. ಆ ಭಾಗಕ್ಕೆ ಶಾಖ ತಗಲಬಾರದು. ಸಾಧ್ಯವಾದರೆ ಬೇರೆ ವಿಭಾಗ ಕೇಳಿ. ಬಿಗಿ ಚಡ್ಡಿ ಬೇಡ, ಬಿಸಿಬಿಸಿ ನೀರಿನ ಸ್ನಾನ ಬೇಡ. ಮೂರು ತಿಂಗಳಾದ ಮೇಲೆ ಇನ್ನೊಂದು ಸಲ ನೋಡೋಣ."

ಡಾಕ್ಟರು ಹೇಳಿದ್ದು ಇಷ್ಟೇ, ಮತ್ತು ಅದು ಸರಿಯಾದ ಮಾತೇ. ಗೇಟು ದಾಟಿದ ಮೇಲೆ ಗೌರತ್ತೆ ಅದಕ್ಕೆ ತಮ್ಮದನ್ನು ಸೇರಿಸಿದರು. "ಇವರಿಗೆ ಹೊರಗಿನ ಶಾಖ ಮಾತ್ರ ಗೊತ್ತು ಕಣ್ಲಾ ಮಾದೇವ. ಒಳಗಿನ ಉಷ್ಣ ಗೊತ್ತಿಲ್ಲ. ನೆತ್ತಿ ಮ್ಯಾಲೆ ಬಿಸ್ಲು ಬಿದ್ರೆ ಅದು ಬೆನ್ನು ಹುರಿಗುಂಟ ಇಳ್ಕಂಡು ಸೀದಾ ಅಲ್ಲಿಗೇ ಓಯ್ತದೆ. ಹತ್ತು ವರ್ಷ ಬೆಂದಿದ್ದೀಯ. ಇನ್ಮೇಲೆ ನಿನ್ನ ತಂಪು ಮಾಡೋದು ನನ್ನ ಕೆಲ್ಸ."

ಆಮೇಲೆ ಗಿರಿಜಾಳ ಕಡೆ ತಿರುಗಿದರು. "ಈ ವಿಷ್ಯ ನಮ್ಮ ಮೂರು ಜನದಲ್ಲೇ ಇರ್ಲಿ ಕಣವ್ವ. ಗಂಡಸಿನ ಮಾನ. ಕೇಳ್ದೋರಿಗೆ, ನೋಡ್ತಾ ಇದೀವಿ ಅನ್ನು ಸಾಕು."

ಗಿರಿಜಾ ನನ್ನ ಮುಖ ನೋಡಿದಳು. ನಾನು ಏನಾದರೂ ಅನ್ನುತ್ತೇನೇನೋ ಎಂದು ಕಾದಳು. ನಾನು ರಸ್ತೆಯ ಕೊನೆಯಲ್ಲಿ ಆಟೋ ಬರುತ್ತಿದೆಯೇ ಎಂದು ನೋಡುತ್ತಿದ್ದೆ.

ತಂಪು ಮಾಡುವ ಕೆಲಸ ಮಾರನೆಯ ದಿನದಿಂದಲೇ ಶುರುವಾಯಿತು. ಬೆಳಿಗ್ಗೆ ಖಾಲಿ ಹೊಟ್ಟೆಗೆ ನೆನೆಸಿದ ಮೆಂತ್ಯ, ಹತ್ತು ಗಂಟೆಗೆ ಕಾಮಕಸ್ತೂರಿ ಬೀಜದ ನೀರು, ಮಧ್ಯಾಹ್ನ ಮಜ್ಜಿಗೆ, ಸಂಜೆ ಬಾರ್ಲಿ. ವಾರಕ್ಕೆರಡು ಸಲ ನೆತ್ತಿಗೆ ಅಂಗೈ ತುಂಬ ಹರಳೆಣ್ಣೆ. ಮಾವಿನಹಣ್ಣು, ಪರಂಗಿ, ಬೆಲ್ಲ, ಕಾಫಿ ಎಲ್ಲಕ್ಕೂ ವಿದಾಯ. ಇವನ್ನೆಲ್ಲ ಸಹಿಸಬಹುದಿತ್ತು, ಇವುಗಳಿಂದ ಕೇಡೂ ಆಗಲಿಲ್ಲ. ಕೇಡಾದದ್ದು ಬಿಸಿಲಿನ ವಿಷಯದಲ್ಲಿ. ನನ್ನ ಮೈ ಮೇಲೆ ಬಿಸಿಲಿನ ಒಂದು ಎಳೆಯೂ ಬೀಳಬಾರದು ಎಂದು ಅತ್ತೆ ತೀರ್ಮಾನಿಸಿದರು. ತುಂಬುತೋಳಿನ ಅಂಗಿ, ತಲೆಗೆ ಟವೆಲ್ಲು, ಅದರ ಮೇಲೆ ಕರಿ ಛತ್ರಿ. ಭಾನುವಾರ ಒಳಕೋಣೆ ಬಿಟ್ಟು ಹಿತ್ತಲಿಗೂ ಹೋಗುವ ಹಾಗಿಲ್ಲ.

ಕಾರ್ಖಾನೆಯಲ್ಲಿ ಕಾರಣ ಹೇಳದೆ ಬೇಡಿಕೊಂಡು ಟೂಲ್ ಸ್ಟೋರಿಗೆ ಹಾಕಿಸಿಕೊಂಡೆ. ಶೆಡ್ಡಿನ ನಡುಮಧ್ಯದಲ್ಲಿದ್ದ, ಕಿಟಕಿಯೇ ಇಲ್ಲದ ಕೋಣೆ. ಒಂದು ಕಿಂಡಿ, ಎರಡು ಟ್ಯೂಬ್‌ಲೈಟು. ಕಿಂಡಿಯಲ್ಲಿ ಕೈ ಬಂದರೆ ಕೇಳಿದ ಡ್ರಿಲ್ಲು ಕೊಡುವುದು, ವಾಪಸ್ ಬಂದರೆ ಒರೆಸಿ ಇಡುವುದು. ಬಿಸಿಲೇರುವ ಮುಂಚೆ ಕಂಪನಿ ಬಸ್ಸು, ಬಿಸಿಲು ಇಳಿದ ಮೇಲೆ ಮನೆ. ಗೇಟಿನಿಂದ ಶೆಡ್ಡಿನವರೆಗಿನ ನೂರು ಹೆಜ್ಜೆಗೂ ನಾನು ಛತ್ರಿ ಬಿಡಿಸುತ್ತಿದ್ದೆ. ಹಳೇ ಫರ್ನೇಸ್ ಗೆಳೆಯ ಸಿದ್ದಯ್ಯ ಅದನ್ನು ನೋಡಿದಾಗಲೆಲ್ಲ ಸೊಂಟ ಬಗ್ಗಿಸಿ ದಾರಿ ಬಿಡುತ್ತಿದ್ದ. "ಮಹಾರಾಜ್ರು ಬರ್ತಾವ್ರೆ, ಸರ್ಕಳ್ರಪ್ಪೋ. ಜಂಬೂಸವಾರಿ ಎಲ್ಲಿಗಂಟ ಬಂತು ಬುದ್ಧಿ?"

ಮೂರು ತಿಂಗಳಿಗೆ ಮತ್ತೆ ಪರೀಕ್ಷೆಯಾಯಿತು. ಸಂಖ್ಯೆ ಸ್ವಲ್ಪ ಏರಿತ್ತು. ಡಾಕ್ಟರು "ಫರ್ನೇಸ್ ಬಿಟ್ಟದ್ದು ಒಳ್ಳೇದಾಯಿತು" ಎಂದರು. ಅತ್ತೆ ಏನೂ ಅನ್ನದೆ ನನ್ನ ಛತ್ರಿಯನ್ನು ಎತ್ತಿಕೊಂಡು ಹೊರಟರು. ಆ ಎತ್ತಿಕೊಂಡ ಠೀವಿಯಲ್ಲೇ ಅವರು ಹೇಳಬೇಕಾದದ್ದೆಲ್ಲ ಇತ್ತು. ಆ ಒಂದು ರಿಪೋರ್ಟನ್ನು ನಂಬಿಕೊಂಡು ನಾವು ಎಂಟು ವರ್ಷ ಕಳೆದೆವು.

ಆಮೇಲಿನ ಪರೀಕ್ಷೆಯಲ್ಲಿ ಸಂಖ್ಯೆ ಅಲ್ಲೇ ನಿಂತಿತು. ಅದರ ಮುಂದಿನದರಲ್ಲಿ ಇಳಿಯಿತು. ಇಳಿದಾಗಲೆಲ್ಲ ಅತ್ತೆ ಎಲ್ಲೋ ಬಿಸಿಲು ನುಸುಳಿರಬೇಕೆಂದು ಹುಡುಕುತ್ತಿದ್ದರು. ಒಂದು ಸಲ ಬಸ್ಸಿನ ಕಿಟಕಿಯ ಪಕ್ಕ ಕೂತದ್ದನ್ನು ಒಪ್ಪಿಕೊಂಡೆ. ಅಂದಿನಿಂದ ನಡುವಿನ ಸೀಟು.

ಗಿರಿಜಾ ನಮ್ಮ ಬೀದಿಯ ತುದಿಯಲ್ಲಿ ಹಾಲಿನ ಬೂತ್ ನಡೆಸುತ್ತಿದ್ದಳು. ಬೆಳಿಗ್ಗೆ ಐದೂವರೆಗೆ ಬಾಗಿಲು ತೆಗೆದರೆ ಬೀದಿಯ ಹೆಂಗಸರೆಲ್ಲ ಅಲ್ಲಿ. ಒಬ್ಬೊಬ್ಬರಿಗೂ ಅರ್ಧ ಲೀಟರ್ ಹಾಲಿನ ಜೊತೆ ಒಂದು ಪ್ರಶ್ನೆ. "ಏನಮ್ಮ ಗಿರಿಜಾ, ಏನಾದ್ರೂ ವಿಶೇಷ ಇದ್ಯಾ?" ಅವಳು ಚಿಲ್ಲರೆ ಕೊಡುತ್ತಾ, "ನೋಡ್ತಾ ಇದೀವಿ" ಅನ್ನುವಳು. ಒಬ್ಬಾಕೆ ನಲವತ್ತೆಂಟು ದಿನ ಅರಳಿಕಟ್ಟೆ ಸುತ್ತಲು ಹೇಳಿದರು. ಗಿರಿಜಾ ಸುತ್ತಿದಳು. ಬೂತು ಮುಚ್ಚಿ, ಹತ್ತು ಗಂಟೆಯ ಬಿಸಿಲಲ್ಲಿ, ಬರಿಗಾಲಲ್ಲಿ, ನನ್ನ ಕೊರತೆಗೆ ಅವಳು ಪ್ರದಕ್ಷಿಣೆ ಹಾಕಿದಳು. ಆ ದಿನಗಳಲ್ಲಿ ಬಂದ ಭಾನುವಾರಗಳಲ್ಲಿ ನಾನು ಒಳಕೋಣೆಯಲ್ಲಿ ಮಲಗಿ ಬಾರ್ಲಿ ನೀರು ಕುಡಿಯುತ್ತಿದ್ದೆ.

ನಾನು ಇದನ್ನು ಬರೆಯುತ್ತಿರುವುದು ಯಾರಿಗೂ ಬುದ್ಧಿ ಹೇಳಲಿಕ್ಕಲ್ಲ. ಇಂಥ ಸೀಸೆ ಹಿಡಿದು, ಚಿಲಕ ಬೀಳದ ಬಚ್ಚಲುಮನೆಯಲ್ಲಿ, ಬಕೆಟ್ಟಿಗೆ ಕಾಲು ಒತ್ತಿಕೊಂಡು ನಿಂತಿರುವ ಗಂಡಸು ತಾನೊಬ್ಬನೇ ಎಂದು ತಿಳಿದುಕೊಂಡಿರುತ್ತಾನೆ. ನಾನೂ ಹಾಗೇ ತಿಳಿದಿದ್ದೆ. ಇನ್ನೊಬ್ಬನಿದ್ದ ಎಂದು ಗೊತ್ತಾಗಿದ್ದರೆ ನಾನು ಗೇಟಿನ ಹೊರಗೆ ಆಟೋ ನೋಡದೆ ನನ್ನ ಹೆಂಡತಿಯ ಮುಖ ನೋಡುತ್ತಿದ್ದೆನೋ ಏನೋ.

ಐದು ವರ್ಷ ಕಳೆಯುವ ಹೊತ್ತಿಗೆ ಮೈ ಬೇರೆಯೇ ಭಾಷೆ ಮಾತಾಡತೊಡಗಿತು. ಮೊದಲು ಸೊಂಟ. ಆಮೇಲೆ ತೊಡೆ, ಪಕ್ಕೆಲುಬು. ಕೆಮ್ಮಿದರೆ ಎದೆಗೂಡಿನೊಳಗೆ ಯಾರೋ ಚಿವುಟಿದಂತೆ. ಪ್ರತಿ ಆಷಾಢದಲ್ಲಿ ಹರಕೆಗೆಂದು ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುತ್ತಿದ್ದೆ, ಅದೂ ಅತ್ತೆಯ ಅಪ್ಪಣೆಯಂತೆ ಸೂರ್ಯ ಹುಟ್ಟುವ ಮುಂಚೆ ಹತ್ತಿ ಬಸ್ಸಿನಲ್ಲಿ ಇಳಿಯಬೇಕು. ಎರಡು ಸಾವಿರದ ನಾಲ್ಕರ ಆಷಾಢದಲ್ಲಿ ಇನ್ನೂರು ಮೆಟ್ಟಿಲಾಗುವಷ್ಟರಲ್ಲಿ ತೊಡೆ ಎತ್ತಲು ಬರಲಿಲ್ಲ. ನೋವೆಂದಲ್ಲ, ಕಾಲಿಗೆ ನನ್ನ ಮಾತು ಕೇಳಿಸಲಿಲ್ಲ, ಅಷ್ಟೇ. ಪ್ಯಾಂಟನ್ನು ಎರಡು ಕೈಯಲ್ಲಿ ಹಿಡಿದು ಕಾಲನ್ನು ಎತ್ತಿಟ್ಟು ಇನ್ನು ನಾಲ್ಕು ಮೆಟ್ಟಿಲು ಹತ್ತಿದೆ. ಕೆಳಗಿನಿಂದ ಮೆಟ್ಟಿಲಿಗೆ ಅರಿಶಿನ ಕುಂಕುಮ ಹಚ್ಚುತ್ತಾ ಬರುತ್ತಿದ್ದ ಹೆಂಗಸರು ಮೆಟ್ಟಿಲಿನ ಜೊತೆಗೆ ನನ್ನನ್ನೂ ದಾಟಿಕೊಂಡು ಹೋದರು. ಗಿರಿಜಾ ನನ್ನ ಕಂಕುಳಿಗೆ ಭುಜ ಕೊಟ್ಟು ಕೆಳಗಿಳಿಸಿದಳು.

ಒಬ್ಬರು ಡಿಸ್ಕು ಜಾರಿದೆ ಎಂದು ಬೆಲ್ಟು ಕಟ್ಟಿದರು. ಇನ್ನೊಬ್ಬರು ವಾತ ಎಂದರು. ಬಾತುಕೋಳಿಯಂತೆ ಆಚೀಚೆ ವಾಲಿಕೊಂಡು ನಡೆಯುತ್ತಿದ್ದೆ. ಕಕ್ಕಸಿನಲ್ಲಿ ಕೂತರೆ ಏಳಲಾಗುತ್ತಿರಲಿಲ್ಲ. ಒಂದು ದಿನ ಗೋಡೆ ಹಿಡಿದು ಒದ್ದಾಡುತ್ತಿದ್ದವನನ್ನು ಗಿರಿಜಾ ಬಾಗಿಲು ತಳ್ಳಿ ಬಂದು ಎತ್ತಿದಳು. ಮಾರನೆಯ ದಿನ ನೋಡಿದರೆ, ಒಂದು ಹಳೇ ಮರದ ಸ್ಟೂಲಿನ ನಡುವೆ ಬಡಗಿಯಿಂದ ತೂತು ಕೊರೆಸಿ ಅಲ್ಲಿ ಇಟ್ಟಿದ್ದಾಳೆ. ಟೂಲ್ ಸ್ಟೋರಿನಲ್ಲಿ ಸಿದ್ದಯ್ಯ ಈಗ ಗೇಲಿ ಬಿಟ್ಟಿದ್ದ. ಕೆಳಗಿನ ಅರೆಯಿಂದ ಡ್ರಿಲ್ಲು ತೆಗೆಯಬೇಕಾದರೆ ಅವನೇ ಒಳಗೆ ಬಂದು ಬಗ್ಗಿ ತೆಗೆದುಕೊಂಡು ಹೋಗುತ್ತಿದ್ದ.

ಇನ್ನೊಂದನ್ನೂ ಬರೆಯಬೇಕು. ಗಂಡ ಹೆಂಡತಿ ಹತ್ತಿರವಾಗುವ ಬಯಕೆಯೇ ಆ ವರ್ಷಗಳಲ್ಲಿ ನನ್ನಲ್ಲಿ ಆರಿಹೋಯಿತು. ಗಿರಿಜಾ ಪಕ್ಕಕ್ಕೆ ತಿರುಗಿದರೆ, ಪಕ್ಕೆಯ ಮೂಳೆಗೆ ಎಲ್ಲಿ ಅವಳ ಮೊಣಕೈ ತಾಗುತ್ತದೋ ಎಂದು ನಾನು ಸರಿಯುತ್ತಿದ್ದೆ. ಅವಳು ಅದನ್ನು ಬೇರೆ ರೀತಿ ಅರ್ಥ ಮಾಡಿಕೊಂಡಳು. "ನನ್ನ ಕಂಡ್ರೆ ನಿಮಗೆ ಬೇಜಾರಾಗೋಗಿದೆ ಅಲ್ವಾ" ಎಂದು ಒಂದು ಸಲ ಬಟ್ಟೆ ಮಡಚುತ್ತಾ ಕೇಳಿದಳು. ಇಲ್ಲ ಎಂದೆ.

ಎರಡು ಸಾವಿರದ ಐದರಲ್ಲಿ ಒಂದು ಆಸ್ಪತ್ರೆಯ ಹೊರರೋಗಿಗಳ ಸಾಲಿನಲ್ಲಿ ಕಾದು, ಮೂಳೆ ಡಾಕ್ಟರು ರಜೆಯಲ್ಲಿದ್ದದ್ದರಿಂದ, ಪಕ್ಕದ ಕೋಣೆಯ ಹೊಸ ಡಾಕ್ಟರಮ್ಮನ ಹತ್ತಿರ ಹೋದೆವು. ಚಿಕ್ಕ ವಯಸ್ಸು, ನನ್ನ ತಂಗಿಯಂಥವರು. ಅತ್ತೆಗೆ ಆಗ ಮಂಡಿನೋವು; ಅವರು ಬಂದಿರಲಿಲ್ಲ. ಡಾಕ್ಟರಮ್ಮ ಬೆಲ್ಟು ಬಿಚ್ಚಿಸಿದರು. ಬೆನ್ನು ನೋಡಲಿಲ್ಲ. ನನ್ನ ಮೊಣಕಾಲಿನ ಕೆಳಗಿನ ಮೂಳೆಯನ್ನು ಹೆಬ್ಬೆರಳಿನಿಂದ ಒತ್ತಿದರು. ನನ್ನ ಬಾಯಿಂದ ಹೊರಟ ಶಬ್ದಕ್ಕೆ ಸಾಲಿನಲ್ಲಿದ್ದವರು ಪರದೆ ಸರಿಸಿ ನೋಡಿದರು.

"ಬಿಸಿಲಲ್ಲಿ ಓಡಾಡ್ತೀರಾ?" ಎಂದು ಕೇಳಿದರು.

ನಾನು ಹೆಮ್ಮೆಯಿಂದ ಹೇಳಿದೆ. "ಇಲ್ಲ ಮೇಡಂ. ಆ ವಿಷಯದಲ್ಲಿ ನಾವು ಬಹಳ ಕಟ್ಟುನಿಟ್ಟು. ಎಂಟು ವರ್ಷದಿಂದ ಮೈಗೆ ಬಿಸಿಲು ಸೋಕಿಸಿಲ್ಲ."

ಅವರು ಬರೆಯುತ್ತಿದ್ದ ಪೆನ್ನನ್ನು ಕೆಳಗಿಟ್ಟರು. "ಯಾಕೆ?"

ನಾನು ಗಿರಿಜಾಳ ಕಡೆ ನೋಡಿದೆ. ಗಿರಿಜಾ ನೆಲ ನೋಡಲಿಲ್ಲ. ಡಾಕ್ಟರಮ್ಮನನ್ನೇ ನೋಡುತ್ತಾ ಎಲ್ಲವನ್ನೂ ಹೇಳಿದಳು: ಸೀಸೆ, ಫರ್ನೇಸು, ಮೆಂತ್ಯ, ಛತ್ರಿ, ಬಸ್ಸಿನ ನಡುವಿನ ಸೀಟು. ಹೊರಗಿನವರೊಬ್ಬರ ಮುಂದೆ ಅವಳು ಇದನ್ನು ಹೇಳಿದ್ದು ಅದೇ ಮೊದಲು. ಒಂದೇ ಉಸಿರಿಗೆ ಹೇಳಿ, ಕೊನೆಗೆ, "ಮಕ್ಕಳಾಗಲಿ ಅಂತ ಮೇಡಂ" ಎಂದಳು.

"ಮೊಟ್ಟೆ, ಮೀನು ತಿಂತೀರಾ?"

"ನಾವು ಲಿಂಗಾಯತ್ರು ಮೇಡಂ."

ರಕ್ತವನ್ನು ಬೆಂಗಳೂರಿಗೆ ಕಳಿಸಬೇಕಾಗಿತ್ತು. ಒಂದು ವಾರ ಕಾದೆವು. ಡಿ ವಿಟಮಿನ್ ಎಂಬುದು ನನ್ನ ಮೈಯಲ್ಲಿ ಇರಬೇಕಾದದ್ದರ ಕಾಲುಭಾಗವೂ ಇರಲಿಲ್ಲ. ಮೂಳೆಗಳು ಮೆತ್ತಗಾಗಿದ್ದವು. ಪಕ್ಕೆಲುಬೊಂದರಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟಿತ್ತು. ಎಕ್ಸ್‌ರೇಯನ್ನು ಡಾಕ್ಟರಮ್ಮ ಕಿಟಕಿಗೆ ಹಿಡಿದು ತೋರಿಸಿದರು. ಅವರ ಹಿಂದೆ ಹೊರಗಿನ ಬಿಸಿಲು ಆ ಕರಿ ಹಾಳೆಯ ಮೂಲಕ ಬೆಳಗುತ್ತಿತ್ತು.

ಕೇಳಬೇಕಾದ ಮಾತನ್ನು ಗಿರಿಜಾಳೇ ಕೇಳಿದಳು. "ಇದಕ್ಕೂ ಅದಕ್ಕೂ ಸಂಬಂಧ ಇದೆಯಾ ಮೇಡಂ?"

"ಇರಬಹುದು ಅಂತ ಹೇಳೋರಿದ್ದಾರೆ ಗಿರಿಜಾ ಅವರೆ. ಇದರಿಂದಲೇ ಆಯ್ತು ಅಂತ ನಾನು ಬರೆದುಕೊಡೋಕಾಗಲ್ಲ. ಅಷ್ಟು ಖಚಿತವಾಗಿ ಯಾರಿಗೂ ಗೊತ್ತಿಲ್ಲ. ಆದರೆ ಮೈಯೆಲ್ಲ ಇಷ್ಟು ಸೊರಗಿರೋವಾಗ ಅದೊಂದು ಮಾತ್ರ ಚೆನ್ನಾಗಿರುತ್ತೆ ಅಂತ ಹೇಗೆ ಹೇಳಲಿ? ಮೊದಲು ಇದನ್ನ ಸರಿ ಮಾಡೋಣ." ಸ್ವಲ್ಪ ತಡೆದು, "ನಿಮಗೀಗ ಎಷ್ಟು ವಯಸ್ಸು?" ಎಂದರು.

"ಮೂವತ್ತೇಳು" ಎಂದಳು ಗಿರಿಜಾ. ಡಾಕ್ಟರಮ್ಮ ತಲೆಯಾಡಿಸಿ ಬರೆಯಲು ಶುರು ಮಾಡಿದರು. ಆ ತಲೆಯಾಡಿಸಿದ ರೀತಿ ನನಗೆ ಹಿಡಿಸಲಿಲ್ಲ.

ವಾರಕ್ಕೊಂದು ಪುಡಿಯ ಪೊಟ್ಟಣ ಹಾಲಿಗೆ ಹಾಕಿ ಕುಡಿಯಬೇಕು, ಕ್ಯಾಲ್ಸಿಯಂ ಮಾತ್ರೆ ನುಂಗಬೇಕು. ಅದರ ಜೊತೆಗೆ, ಬೆಳಗಿನ ಹತ್ತು ಹನ್ನೊಂದರ ಹೊತ್ತಿಗೆ ಅಂಗಿ ಬಿಚ್ಚಿ ಬಿಸಿಲಲ್ಲಿ ಕೂರಬೇಕು. ಕಾರ್ಖಾನೆಗೆ ರಜೆ ಹಾಕಿದೆ.

ಅತ್ತೆಗೆ ಹೇಳುವುದು ಎಲ್ಲಕ್ಕಿಂತ ಕಷ್ಟವಾಯಿತು. ಅವರು ಅಕ್ಕಿ ಆರಿಸುತ್ತಾ ಕೂತಿದ್ದರು. ನಾನು ಸುತ್ತಿ ಬಳಸಿ ಹೇಳಿದೆ. ಅವರು ಮೊರದಿಂದ ಕಣ್ಣೆತ್ತಲಿಲ್ಲ.

"ಯಾವಳ್ಳಾ ಅವಳು, ಎಷ್ಟು ವರ್ಷದೋಳು?"

"ಚಿಕ್ಕೋರು ಅತ್ತೆ. ಆದ್ರೆ ಓದ್ಕಂಡವ್ರೆ."

"ನಮ್ಮೂರಲ್ಲಿ ಬಿಸ್ಲಲ್ಲಿ ಉತ್ತೋರಿಗೆಲ್ಲ ಮಕ್ಳಾದ್ವು" ಎಂದರು ತಮಗೇ ಎಂಬಂತೆ. ಆ ಮಾತು ತಮ್ಮ ಬಾಯಿಂದ ಬಂದ ಮೇಲೆ ಅವರ ಕೈ ನಿಂತಿತು. ಎಂಬತ್ತರ ಹತ್ತಿರದ ಮುದುಕಿ, ಊರ ತುಂಬ ಬಿಸಿಲಲ್ಲಿ ಬೆಂದ ಗಂಡಸರನ್ನೂ ಅವರ ಮನೆ ತುಂಬ ಇದ್ದ ಮಕ್ಕಳನ್ನೂ ಕಂಡಿದ್ದವರು. ಅದನ್ನು ಇಷ್ಟು ವರ್ಷ ಒಂದು ಸಲವೂ ನೆನೆಸಿಕೊಂಡಿರಲಿಲ್ಲ. ನಾನೂ ನೆನೆಸಿರಲಿಲ್ಲ. ಅವರು ಅಕ್ಕಿಯನ್ನು ಹಾಗೆಯೇ ಬಿಟ್ಟು ಎದ್ದು ದೇವರ ಮನೆಗೆ ಹೋದರು. ಅಂದು ಮಧ್ಯಾಹ್ನ ಊಟಕ್ಕೆ ಬರಲಿಲ್ಲ. ಗಿರಿಜಾ ತಟ್ಟೆ ತೆಗೆದುಕೊಂಡು ಹೋಗಿ ಎದುರಿಗೆ ಕೂತಳು. ಆಮೇಲೆ ತಟ್ಟೆ ಖಾಲಿಯಾಗಿ ಹೊರಬಂತು.

ತಾರಸಿಯ ಮೇಲೆ ಬನಿಯನ್ನೂ ಇಲ್ಲದೆ ಕೂತ ಮೊದಲ ದಿನ ನನಗೆ ಭಯವಾಯಿತು. ನಗುವವರು ನಗಲಿ, ಎಂಟು ವರ್ಷದಿಂದ ಕದ್ದಿಟ್ಟ ಮೈ, ಬಿಳಿಚಿಕೊಂಡು ಹೊಟ್ಟೆ ಜೋತ ಮೈ, ಅದನ್ನು ಬೆಳಕಿನಲ್ಲಿ ಕಂಡು ನನಗೇ ಅಪರಿಚಿತರ ಮೈ ಅನ್ನಿಸಿತು. ಪಕ್ಕದ ತಾರಸಿಯಲ್ಲಿ ಹಪ್ಪಳ ಒಣಗಿಸುತ್ತಿದ್ದ ಹೆಂಗಸು, "ಏನ್ ಮಾದೇವಣ್ಣ, ನೀವೂ ಒಣಗ್ತಾ ಇದೀರಾ?" ಎಂದರು. ಹೌದಮ್ಮ ಎಂದೆ. ಮೂರನೆಯ ತಿಂಗಳಲ್ಲಿ ಸ್ಟೂಲಿಲ್ಲದೆ ಎದ್ದೆ. ಐದನೆಯ ತಿಂಗಳಲ್ಲಿ ಕಾರ್ಖಾನೆಯ ಗೇಟಿನಿಂದ ಶೆಡ್ಡಿನವರೆಗೆ ಬರಿತಲೆಯಲ್ಲಿ ನೆಟ್ಟಗೆ ನಡೆದೆ. ಸಿದ್ದಯ್ಯ ಏನಾದರೂ ಅನ್ನುತ್ತಾನೆಂದು ಕಾದೆ. ಅವನು ಬೀಡಿ ಬಿಸಾಕಿ ಮುಖ ಆಚೆ ತಿರುಗಿಸಿಕೊಂಡ.

ಆರನೆಯ ತಿಂಗಳಿಗೆ ಮತ್ತೆ ಸೀಸೆ. ಈ ಸಲ ಚಿಲಕ ಸರಿಯಾಗಿದ್ದ ಕೋಣೆ. ಸಂಖ್ಯೆ ಎರಡರಷ್ಟಾಗಿತ್ತು, ಚಲನೆಯೂ ಪರವಾಗಿಲ್ಲ ಎಂದರು. ಪೂರ್ತಿ ಸರಿಯೇನಲ್ಲ, ಆದರೆ ದಾರಿ ಇದೆ ಎನ್ನುವಷ್ಟು. ಗಿರಿಜಾ ಆ ಕಾಗದವನ್ನು ಬೂತಿಗೆ ತೆಗೆದುಕೊಂಡು ಹೋಗಿ ಹಾಲಿನ ಟ್ರೇಗಳ ಹಿಂದೆ ಗೋಡೆಗೆ ಸಿಕ್ಕಿಸಿದ್ದಳಂತೆ. ಅದು ಏನೆಂದು ಯಾರಿಗೂ ಗೊತ್ತಾಗುವ ಹಾಗಿರಲಿಲ್ಲ. ಅವಳಿಗೆ ಕಂಡರೆ ಸಾಕಿತ್ತು.

ನಾವು ಮತ್ತೆ ಹೊಸದಾಗಿ ಮದುವೆಯಾದವರಂತೆ ಇದ್ದ ಕಾಲ ಅದು. ಒಂದೂವರೆ ವರ್ಷ. ಎರಡು ಸಾವಿರದ ಎಂಟರ ಮೊದಲ ತಿಂಗಳುಗಳಲ್ಲಿ ಗಿರಿಜಾಳ ಮುಟ್ಟು ನಿಂತಿತು. ಒಂದು ತಿಂಗಳು ಯಾರಿಗೂ ಹೇಳಲಿಲ್ಲ. ಎರಡನೆಯ ತಿಂಗಳು ನನಗೆ ಹೇಳಿದಳು. ಹೇಳಿ, "ಮಾತಾಡಬೇಡಿ, ಸುಮ್ನಿರಿ" ಎಂದು ನನ್ನ ಬಾಯಿ ಮುಚ್ಚಿದಳು. ಅತ್ತೆಗೆ ಯಾರೂ ಹೇಳಲಿಲ್ಲ, ಅವರಿಗೆ ಗೊತ್ತಾಗಿತ್ತು. ಗಿರಿಜಾ ಹಾಲಿನ ಕ್ರೇಟು ಎತ್ತಲು ಬಗ್ಗಿದರೆ, ಮಂಡಿನೋವಿನ ಮುದುಕಿ ಗೋಡೆ ಹಿಡಿದುಕೊಂಡು ಬೂತಿನವರೆಗೆ ಬಂದು, "ಬುಡವ್ವ, ಮಾದೇವ ಎತ್ತಾನೆ" ಅನ್ನುತ್ತಿದ್ದರು.

ಹೆರಿಗೆ ಡಾಕ್ಟರ ಕೋಣೆಯ ಹೊರಗೆ ನಮ್ಮ ಸುತ್ತ ಇದ್ದವರೆಲ್ಲ ಇಪ್ಪತ್ತು ಇಪ್ಪತ್ತೆರಡರ ಹುಡುಗಿಯರು. ಅವರಲ್ಲೊಬ್ಬಳು ಗಿರಿಜಾಳಿಗೆ, "ಮಗಳ ಜೊತೆ ಬಂದ್ರಾ ಆಂಟಿ?" ಎಂದಳು. ಗಿರಿಜಾ ನಕ್ಕು, "ಇಲ್ಲಮ್ಮ, ನನಗೇ" ಎಂದಳು. ಆ ಹುಡುಗಿ ಎದ್ದು ತನ್ನ ಜಾಗ ಬಿಟ್ಟುಕೊಟ್ಟಳು.

ಸ್ಕ್ಯಾನು ಮಾಡಿದರು, ರಕ್ತ ತೆಗೆದುಕೊಂಡರು, ಸಂಜೆ ಬರಲು ಹೇಳಿದರು. ಸಂಜೆ ಹೋದಾಗ ಡಾಕ್ಟರು ಬಾಗಿಲು ಮುಚ್ಚಿಕೊಂಡರು. ಗರ್ಭ ನಿಂತಿಲ್ಲ ಎಂದರು. ಮುಟ್ಟು ನಿಲ್ಲುವ ಕಾಲವೇ ಬಂದುಬಿಟ್ಟಿದೆ, ನಲವತ್ತಕ್ಕೆ ಇದು ಬೇಗವೇ, ಆದರೆ ಕೆಲವರಿಗೆ ಹೀಗಾಗುತ್ತದೆ, ಯಾರ ತಪ್ಪೂ ಅಲ್ಲ ಎಂದರು. ಎರಡು ಮೂರು ವರ್ಷ ಮುಂಚೆ ಬಂದಿದ್ದರೆ ಎಂದು ಏನೋ ಶುರು ಮಾಡಿ, ನಿಲ್ಲಿಸಿ, ನೀರಿನ ಲೋಟವನ್ನು ಗಿರಿಜಾಳ ಕಡೆ ಸರಿಸಿದರು.

ಗಿರಿಜಾ ನೀರು ಕುಡಿದಳು. ಲೋಟವನ್ನು ಇದ್ದ ಜಾಗಕ್ಕೇ ಇಟ್ಟಳು. "ಬರ್ತೀವಿ ಡಾಕ್ಟ್ರೇ" ಎಂದಳು. ಮೆಟ್ಟಿಲಿಳಿಯುವಾಗ ಅವಳ ಕೈ ಹಿಡಿಯಲು ಹೋದೆ. "ನೀವು ಹುಷಾರಾಗಿ ಇಳೀರಿ, ನನಗೇನಾಗಿದೆ" ಎಂದು ಮುಂದೆ ನಡೆದಳು. ನನ್ನ ಕಾಲುಗಳಿಗೆ ಆಗ ಏನೂ ಆಗಿರಲಿಲ್ಲ. ಗಟ್ಟಿಯಾಗಿದ್ದವು.

ಮನೆಯಲ್ಲಿ ಅತ್ತೆಗೆ ಅವಳೇ ಹೇಳಿದಳು. "ಅತ್ತೆ, ನಂದು ನಿಂತೋಗಿದ್ಯಂತೆ. ಮಗು ಅಲ್ವಂತೆ." ಅತ್ತೆ ಗೋಡೆ ಹಿಡಿದು ಕೆಳಗೆ ಕೂತರು. ನನ್ನ ಕಡೆ ನೋಡಲಿಲ್ಲ.

ಆಮೇಲೆ ಒಂದು ವರ್ಷ ಕಳೆದ ಮೇಲೆ ನಮ್ಮ ನೆಂಟರ ಮದುವೆಯೊಂದಕ್ಕೆ ಹೋಗಿದ್ದೆವು. ಊಟದ ಪಂಕ್ತಿಯಲ್ಲಿ ನಾನು, ಗಿರಿಜಾ, ಅತ್ತೆ ಸಾಲಾಗಿ ಕೂತಿದ್ದೆವು. ಎದುರು ಸಾಲಿನಲ್ಲಿ ಕೂತಿದ್ದ, ಪಿರಿಯಾಪಟ್ಟಣದ ಕಡೆಯ ದೂರದ ಬಂಧು ಹೆಂಗಸೊಬ್ಬರು ಗಿರಿಜಾಳನ್ನು ಮಾತಾಡಿಸಿ, "ಮಕ್ಳೆಷ್ಟಮ್ಮ ನಿನಗೆ?" ಎಂದರು. ಗಿರಿಜಾ ಎಲೆಗೆ ನೀರು ಚಿಮುಕಿಸುತ್ತಿದ್ದಳು. ಇಲ್ಲ ಎಂದಳು.

"ಅಯ್ಯೋ ಪಾಪ. ಗರ್ಭದಲ್ಲೇನಾರ ತೊಂದ್ರೆನಾ?" ಎಂದರು ಗಟ್ಟಿಯಾಗಿ.

ನಾನು ಬಾಯಿ ತೆರೆಯುವುದರೊಳಗೆ ಅತ್ತೆ ಮಾತಾಡಿದರು. ಕಿವಿ ಮಂದವಾದ ಮೇಲೆ ಅವರ ದನಿ ದೊಡ್ಡದಾಗಿತ್ತು, ಪಂಕ್ತಿಯೆಲ್ಲ ಕೇಳಿಸಿಕೊಂಡಿತು.

"ಅವಳಿಗೇನಿಲ್ಲ ಕಣವ್ವ. ಕೊರತೆ ಇದ್ದದ್ದು ನಮ್ಮ ಹುಡುಗನಲ್ಲಿ. ವಾಸಿಯಾಗೋದನ್ನ ಎಂಟು ವರ್ಷ ತಡ ಮಾಡ್ದೋಳು ನಾನು."

ಎದುರಿನ ಹೆಂಗಸು ತಮ್ಮ ಎಲೆಯ ಉಪ್ಪನ್ನು ನೋಡತೊಡಗಿದರು. ಗಿರಿಜಾ ಎಲೆಯ ಮೇಲೆ ಅಂಗೈ ಊರಿಕೊಂಡು ಕೂತಿದ್ದಳು. ಬಡಿಸುವವರು ಅನ್ನದ ಪಾತ್ರೆ ಹಿಡಿದು ಬಂದು ಅವಳ ಮುಂದೆ ನಿಂತರು, ಕಾದರು. ಅವಳು ಕೈ ತೆಗೆದು ಬಡಿಸಿಕೊಂಡಳು.